ಇಳಿದುಹೋಯ್ತು ಅಂತ ಯಾರು ಹೇಳಿದ್ದು, ಮಿಸ್?

ಪ್ರಶ್ನೆ: ಸರ್, ನಾನು ಮಂಡ್ಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಸೋಮನಾಥಪುರ, ಶ್ರೀರಂಗಪಟ್ಟಣ, ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಸೋಮನಾಥಪುರದಲ್ಲಿ ನಮಗೆ ವಿವರಣೆ ಕೊಟ್ಟವರು, "ಇದೇ ಕಲೆಯ ತುತ್ತತುದಿ, ಆಮೇಲೆ ಇಳಿದುಹೋಯ್ತು" ಅಂದರು. ಒಬ್ಬ ಹುಡುಗ, "ಇಳಿದುಹೋಯ್ತು ಅಂತ ಯಾರು ಹೇಳಿದ್ದು, ಮಿಸ್?" ಅಂತ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಸಂಜೆ ಒಂದು ಪ್ರದರ್ಶನಕ್ಕೆ ಹೋದೆವು. ಅಲ್ಲಿ ಸುಮ್ನೆ ಒಂದು ಹಳೇ ಕುರ್ಚಿ ಇಟ್ಟು, ಕಲಾಕೃತಿ ಅಂತ ಚೀಟಿ ಅಂಟಿಸಿದ್ದರು. ಅದೇ ಹುಡುಗ, "ಇದೂ ಕಲೆನಾ?" ಅಂದ. ಹೆಗೆಲ್, ಡಾಂಟೊ ಅನ್ನುವ ಹೆಸರುಗಳನ್ನು ಕೇಳಿದ್ದೇನೆ. ಕಲೆಯ ಇತಿಹಾಸದ ಬಗ್ಗೆ ತತ್ವಜ್ಞಾನಿಗಳು ಕಟ್ಟಿದ ಸಿದ್ಧಾಂತಗಳಿಗೂ, ನಾವು ಇವತ್ತು ಒಂದನ್ನು ಚೆಂದ, ಒಂದನ್ನು ಕಲೆ ಅನ್ನುವುದಕ್ಕೂ ಏನು ಸಂಬಂಧ?

ಉತ್ತರ: ಮೇಡಂ, ಹುಡುಗ ಎರಡು ಸಲ ಬಾಯಿಬಿಟ್ಟರೂ ಕೇಳಿದ್ದು ಒಂದೇ ಪ್ರಶ್ನೆ. ಕಲೆ ಇಳಿಯಿತು ಅನ್ನಬೇಕಾದರೆ, ಅದು ಎಲ್ಲಿಗೋ ಹತ್ತುತ್ತಾ ಹೊರಟಿತ್ತು ಅಂತ ಮೊದಲೇ ಒಪ್ಪಿಕೊಂಡಿರಬೇಕು. ಕುರ್ಚಿಯ ಜಗಳವೂ ಆ ಒಪ್ಪಿಗೆಯಿಂದಲೇ ಹುಟ್ಟಿದ್ದು. ಮೈಸೂರಿನಲ್ಲಿ ಬಹಳ ವರ್ಷ ಕಲಾ ಇತಿಹಾಸದ ಪಾಠ ಮಾಡಿದ್ದೇನೆ. "ಯಾರು ಹೇಳಿದ್ದು?" ಅಂತ ಇಷ್ಟು ನೇರವಾಗಿ ಕೇಳಿದ ವಿದ್ಯಾರ್ಥಿಗಳು ನನಗೆ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ಹೇಳಿದವರಿಗೆ ಹೆಸರಿದೆ, ಊರಿದೆ, ಇಸವಿಯೂ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1550ರಲ್ಲಿ ಇಟಲಿಯ ಜಾರ್ಜೊ ವಸಾರಿ ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿದ. ತಾನೂ ಚಿತ್ರಕಾರ. ಮನುಷ್ಯನ ಹಾಗೆ ಕಲೆಗೂ ಬಾಲ್ಯ, ಯೌವನ, ಪ್ರೌಢ ವಯಸ್ಸು ಇರುತ್ತದೆ ಅನ್ನುವುದು ಅವನ ಲೆಕ್ಕ. ಜೊತ್ತೊ ಕಾಲದಲ್ಲಿ ಮಗು, ಮಸಾಚೊ ಕಾಲದಲ್ಲಿ ಹುಡುಗ, ಮೈಕೆಲ್ಯಾಂಜಲೊ ಬಂದಾಗ ತುತ್ತತುದಿ. ಮೈಕೆಲ್ಯಾಂಜಲೊ ಅವನ ಕಾಲದವನೇ, ಅವನು ಆರಾಧಿಸುತ್ತಿದ್ದವನು. ಕಲೆಯ ಶಿಖರ ತನ್ನ ನಾಡಿನಲ್ಲಿ, ತನ್ನ ಕಣ್ಣೆದುರೇ ಬಂತು ಅಂತ ವಸಾರಿ ಬರೆದ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೂರು ವರ್ಷ ಆದಮೇಲೆ, 1764ರಲ್ಲಿ, ಜರ್ಮನಿಯ ವಿಂಕಲ್‌ಮನ್ ಪ್ರಾಚೀನ ಕಲೆಯ ಇತಿಹಾಸ ಬರೆದ. ಒಬ್ಬೊಬ್ಬ ಕಲಾವಿದನ ಕಥೆ ಬಿಟ್ಟು ಇಡೀ ಜನಾಂಗದ ಕಲೆ ಹೇಗೆ ಹುಟ್ಟಿ, ಬೆಳೆದು, ಬಾಡುತ್ತದೆ ಅಂತ ನೋಡಿದವರಲ್ಲಿ ಅವನೇ ಮುಂಚೂಣಿ. ಅವನಿಗೆ ಶಿಖರ ಅಂದರೆ ಗ್ರೀಸ್. ಅಲ್ಲಿಯ ಶಿಲ್ಪದಲ್ಲಿ ಉದಾತ್ತ ಸರಳತೆ, ಶಾಂತ ಗಾಂಭೀರ್ಯ ಇದೆ ಅಂದ. ಆದರೆ ಅವನು ಗ್ರೀಸಿಗೆ ಕಾಲಿಟ್ಟವನಲ್ಲ. ರೋಮಿನಲ್ಲಿ ಕೂತು ನೋಡಿದ್ದರಲ್ಲಿ ಹೆಚ್ಚಿನವು ರೋಮನ್ನರು ಮಾಡಿದ ನಕಲುಗಳು. ಬೆಳ್ಳನೆಯ ಅಮೃತಶಿಲೆಯನ್ನು ಜಗತ್ತು ಕೊಂಡಾಡಿತು. ಗ್ರೀಕರು ಆ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರು. ಕಾಲ ಬಣ್ಣ ತೊಳೆದುಬಿಟ್ಟಿತ್ತು, ಅಷ್ಟೆ.

ಹೀಗೆ ಹುಟ್ಟಿದ ಅಳತೆಗೋಲು ಇವತ್ತಿಗೂ ನಮ್ಮ ಕೈಯಲ್ಲಿದೆ. ಸರಳವಾಗಿದ್ದರೆ ಮೇಲು, ಕುಸುರಿ ಜಾಸ್ತಿಯಾದರೆ ಕೀಳು. ಹೊಯ್ಸಳ ದೇವಸ್ಥಾನ ನೋಡಿ, "ಚೆನ್ನಾಗಿದೆ, ಆದರೆ ಕೆತ್ತನೆ ಅತಿಯಾಯ್ತು" ಅನ್ನುವವರನ್ನು ನೀವೂ ಕೇಳಿರುತ್ತೀರಿ ಅಲ್ವಾ? ಆ ಮಾತಿನೊಳಗೆ ಎರಡೂವರೆ ಶತಮಾನದ ಹಿಂದಿನ ವಿಂಕಲ್‌ಮನ್ ಕೂತಿದ್ದಾನೆ.

ಈಗ ಜರ್ಮನಿಯ ತತ್ವಜ್ಞಾನಿ ಹೆಗೆಲ್. ಇವನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು. 1820ರ ದಶಕದಲ್ಲಿ ಬರ್ಲಿನ್ನಿನಲ್ಲಿ ಅವನು ಕಲೆಯ ಬಗ್ಗೆ ಉಪನ್ಯಾಸಗಳನ್ನು ಕೊಟ್ಟ. 1831ರಲ್ಲಿ ತೀರಿಕೊಂಡ. ಆಮೇಲೆ ಶಿಷ್ಯ ಹೋಥೊ ಟಿಪ್ಪಣಿಗಳನ್ನೆಲ್ಲ ಕೂಡಿಸಿ 1835ರಿಂದ ಪ್ರಕಟಿಸಿದ. ಹೆಗೆಲ್ ಹೇಳುವುದು ಇಷ್ಟು. ಮನುಷ್ಯನ ಚೈತನ್ಯ ತನ್ನನ್ನು ತಾನು ತಿಳಿದುಕೊಳ್ಳುತ್ತಾ ಮುಂದೆ ಸಾಗುತ್ತದೆ. ಕಲೆ ಆ ದಾರಿಯಲ್ಲಿ ಒಂದು ಹೆಜ್ಜೆ. ಮೊದಲ ಘಟ್ಟ ಸಾಂಕೇತಿಕ ಕಲೆ. ಅಲ್ಲಿ ಹೇಳಬೇಕಾದ್ದು ದೊಡ್ಡದು, ಆದರೆ ಅದಕ್ಕೆ ತಕ್ಕ ರೂಪ ಸಿಕ್ಕಿಲ್ಲ. ಈಜಿಪ್ಟ್, ಭಾರತ ಇಲ್ಲಿ ಬರುತ್ತವೆ. ಎರಡನೆಯದು ಗ್ರೀಕ್ ಶಿಲ್ಪ. ಅಲ್ಲಿ ಅರ್ಥ, ರೂಪ ಎರಡೂ ಸರಿಸಮ ಕೂಡಿಕೊಂಡವು. ಮೂರನೆಯದು ಕ್ರೈಸ್ತ ಯುರೋಪಿನ ಕಲೆ. ಅಲ್ಲಿ ಒಳಗಿನ ಭಾವ ಎಷ್ಟು ಆಳವಾಯಿತು ಅಂದರೆ ಕಲ್ಲು, ಬಣ್ಣ ಅದನ್ನು ಹಿಡಿಯಲಾರದೆ ಹೋದವು. ಮುಂದಿನ ಕೆಲಸ ಧರ್ಮದ್ದು, ಕೊನೆಗೆ ತತ್ವಶಾಸ್ತ್ರದ್ದು. ಆದ್ದರಿಂದ ಕಲೆಯ ಅತ್ಯುನ್ನತ ಕರ್ತವ್ಯ ನಮ್ಮ ಪಾಲಿಗೆ ಮುಗಿದುಹೋದ ಸಂಗತಿ ಅಂದ ಹೆಗೆಲ್.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ದೇವರುಗಳ ಹಲವು ಕೈ, ಹಲವು ತಲೆ ಅವನಿಗೆ ಹಿಡಿತ ತಪ್ಪಿದ ಕಲ್ಪನೆಯಾಗಿ ಕಂಡಿತು. ಅವನು ಭಾರತ ನೋಡಿದವನಲ್ಲ. ಸೋಮನಾಥಪುರದ ಹೊರಗೋಡೆ ಎದುರು ಅವನನ್ನು ನಿಲ್ಲಿಸಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಅಲ್ಲಿನ ವಿಷ್ಣುವಿಗೆ ನಾಲ್ಕು ಕೈ. ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದಿದೆ ಅನ್ನುವುದರ ಮೇಲೆ ಆ ಮೂರ್ತಿಯ ಹೆಸರು ನಿಲ್ಲುತ್ತದೆ. ಪದ್ಮ ಇದ್ದಲ್ಲಿ ಗದೆ ಬಂದರೆ ಕೇಶವ ಹೋಗಿ ಇನ್ನೊಬ್ಬನಾಗುತ್ತಾನೆ. ನಿಮ್ಮ ಮಕ್ಕಳಿಂದ ಲೆಕ್ಕ ಮಾಡಿಸಿ: ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಎಷ್ಟು ಬಗೆಯಲ್ಲಿ ಇಡಬಹುದು? 24. ಕೇಶವ, ನಾರಾಯಣ, ಮಾಧವ ಅಂತ ಆಚಮನದಲ್ಲಿ ಹೇಳುವ ಹೆಸರುಗಳೂ 24. ಹಿಡಿತ ತಪ್ಪಿದ ಕಲ್ಪನೆ ಅಂತ ಹೆಗೆಲ್ ಕರೆದದ್ದರೊಳಗೆ ಇಷ್ಟು ಬಿಗಿಯಾದ ವ್ಯಾಕರಣ ಇದೆ.

ಹಾಗಂತ ಹೆಗೆಲ್‌ನನ್ನು ಪಕ್ಕಕ್ಕೆ ತಳ್ಳಿಬಿಡಲು ಆಗುವುದಿಲ್ಲ. ಒಂದು ಕಾಲದ ಜನ ಲೋಕವನ್ನು ಹೇಗೆ ಕಂಡರು ಅನ್ನುವುದು ಅವರ ಕಲೆಯಲ್ಲಿ ತಿಳಿಯುತ್ತದೆ ಅಂತ ಅಷ್ಟು ಗಟ್ಟಿಯಾಗಿ ಹೇಳಿದವನು ಅವನೇ. ಆಮೇಲೆ ಬಂದವರೆಲ್ಲ, ಅವನನ್ನು ಬೈದವರೂ ಸೇರಿ, ಅವನು ಕೇಳಿದ ಪ್ರಶ್ನೆಗೇ ಉತ್ತರ ಹುಡುಕಿದರು.

ಈ ಏರಿಳಿತದ ಕಥೆ ನಮ್ಮ ಕಡೆ ಬಂದದ್ದು ಜೇಮ್ಸ್ ಫರ್ಗುಸನ್ ಮೂಲಕ. ಬಂಗಾಳದಲ್ಲಿ ನೀಲಿ ಬೆಳೆಯ ವ್ಯಾಪಾರ ಮಾಡಿದವನು. ಭಾರತದ ವಾಸ್ತುಶಿಲ್ಪದ ಬಗ್ಗೆ ಅವನು ಬರೆದ ದೊಡ್ಡ ಪುಸ್ತಕ ಹೊರಬಂದದ್ದು 1876ರಲ್ಲಿ. ಭಾರತದ ಕಲೆಯ ಇತಿಹಾಸ ಅಂದರೆ ಇಳಿಕೆಯ ಇತಿಹಾಸ ಅನ್ನುವುದು ಅವನ ತೀರ್ಮಾನ. ಹಳೆಯ ಬೌದ್ಧ ಶಿಲ್ಪವೇ ಮೇಲು, ಅಲ್ಲಿಂದ ಈಚೆಗೆಲ್ಲ ಇಳಿಜಾರು. ಹಾಗಿದ್ದರೂ ಹಳೇಬೀಡಿನ ದೇವಸ್ಥಾನವನ್ನು ಅವನು ಮನಸಾರೆ ಹೊಗಳಿದ. ಅಥೆನ್ಸಿನ ಪಾರ್ಥೆನಾನ್ ಒಂದು ತುದಿ, ಇದು ಇನ್ನೊಂದು ತುದಿ ಅಂದ. ಅವನ ಕಣ್ಣು ಹೇಳಿದ್ದು ಒಂದು, ಅವನ ಸಿದ್ಧಾಂತ ಹೇಳಿದ್ದು ಇನ್ನೊಂದು. ಅವನ ಬರಹದಲ್ಲಿ ನನಗೆ ಪ್ರಿಯವಾದ ಜಾಗ ಇದೇ.

ನಿಮಗೆ ವಿವರಣೆ ಕೊಟ್ಟವರು ಶಿಖರವನ್ನು ಹೊಯ್ಸಳರ ತಲೆಯ ಮೇಲೆ ಇಟ್ಟರು. ಅಭಿಮಾನದಿಂದಲೇ ಇಟ್ಟಿದ್ದಾರೆ. ಆದರೆ ಏಣಿ ಮಾತ್ರ ವಸಾರಿಯದೇ.

ಈ ಏಣಿಯನ್ನು ಮುರಿದವನು ಆಲೊಯಿಸ್ ರೀಗಲ್. ನನ್ನ ಮಟ್ಟಿಗೆ ಇವನು ಈ ಗುಂಪಿನಲ್ಲೆಲ್ಲ ದೊಡ್ಡವನು. ವಿಯೆನ್ನಾದ ಒಂದು ಮ್ಯೂಸಿಯಮ್ಮಿನಲ್ಲಿ ಬಟ್ಟೆಗಳ ವಿಭಾಗ ನೋಡಿಕೊಳ್ಳುತ್ತಿದ್ದ. ದಿನಬೆಳಗಾದರೆ ಅವನ ಕಣ್ಣೆದುರು ಇದ್ದದ್ದು ಜಮಖಾನೆ, ಕಸೂತಿ, ನೇಯ್ಗೆ. ದೊಡ್ಡ ಕಲೆ ಅಂತ ಯಾರೂ ಕರೆಯದ ವಸ್ತುಗಳು. 1893ರ ಪುಸ್ತಕದಲ್ಲಿ ಒಂದು ಬಳ್ಳಿಯ ವಿನ್ಯಾಸ ಈಜಿಪ್ಟಿನ ಕಮಲದಿಂದ ಹೊರಟು ಗ್ರೀಸ್ ದಾಟಿ ಇಸ್ಲಾಮಿ ಅಲಂಕಾರದವರೆಗೆ ಹೇಗೆ ಹರಿಯಿತು ಅಂತ ತೋರಿಸಿದ. 1901ರಲ್ಲಿ ರೋಮ್ ಸಾಮ್ರಾಜ್ಯದ ಕೊನೆಗಾಲದ ಕಲೆಯ ಬಗ್ಗೆ ಬರೆದ. ಎಲ್ಲರೂ ಅದನ್ನು ಪತನ ಅನ್ನುತ್ತಿದ್ದರು. ಕೈಯಲ್ಲಿ ಆಗದೆ ಹಾಗೆ ಮಾಡಿದ್ದಲ್ಲ, ಬೇಕು ಅಂತಲೇ ಹಾಗೆ ಮಾಡಿದ್ದು, ಅವರಿಗೆ ಬೇಕಾಗಿದ್ದೇ ಬೇರೆ ಅಂದ ರೀಗಲ್. ಒಂದೊಂದು ಕಾಲಕ್ಕೂ ಅದರದೇ ಒಂದು ಕಲಾಸಂಕಲ್ಪ ಇರುತ್ತದೆ. ಒಂದು ಕಾಲದ ಸಂಕಲ್ಪದಿಂದ ಇನ್ನೊಂದನ್ನು ಅಳೆಯಬಾರದು.

ಈ ಮಾತನ್ನು ಇಟ್ಟುಕೊಂಡು ಸೋಮನಾಥಪುರದ ಗೋಡೆಯ ಬುಡ ನೋಡಿ. ಕೆಳಗಿನಿಂದ ಮೇಲಕ್ಕೆ ಆನೆ ಸಾಲು, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ವಿಂಕಲ್‌ಮನ್ ಕಣ್ಣಿಗೆ ಇದು ಗಿಜಿಗಿಜಿ. ರೀಗಲ್ ಕಣ್ಣಿಗೆ ಗೋಡೆಯಲ್ಲಿ ಒಂದು ಅಂಗುಲವೂ ಸುಮ್ಮನೆ ಇರಬಾರದು ಅನ್ನುವ ಬಯಕೆ. ಭಕ್ತ ಪ್ರದಕ್ಷಿಣೆ ಹಾಕುತ್ತಾ ಹೋದಂತೆ ಗೋಡೆಯೂ ಅವನ ಜೊತೆಗೆ ನಡೆಯಬೇಕು. ಬಳ್ಳಿಯ ಪಟ್ಟಿಕೆಯ ಮುಂದೆ ನಾನು ಒಂದು ಸಲ ಬಿಸಿಲೇರುವವರೆಗೂ ನಿಂತಿದ್ದೆ. ದಂಟು ಸುತ್ತಿಕೊಂಡು ಹೋಗುತ್ತದೆ. ಪ್ರತಿ ಸುತ್ತಿನೊಳಗೂ ಒಂದು ಎಲೆಗೊಂಚಲು. ಮೊದಲು ಎಲ್ಲ ಒಂದೇ ಥರ ಕಾಣುತ್ತದೆ. ಕಾಲು ಗಂಟೆ ಆದಮೇಲೆ ಒಂದರ ಹಾಗೆ ಇನ್ನೊಂದಿಲ್ಲ ಅಂತ ಗೊತ್ತಾಗುತ್ತದೆ.

ಹೊಯ್ಸಳರ ನಂತರ ಏನಾಯಿತು? ವಿಜಯನಗರದವರು ಕಗ್ಗಲ್ಲಿನಲ್ಲಿ ಕಟ್ಟಿದರು. "ಬಳಪದ ಕಲ್ಲು ಮೆತ್ತಗೆ, ಅದಕ್ಕೇ ಕುಸುರಿ. ಕಗ್ಗಲ್ಲು ಗಟ್ಟಿ, ಅದಕ್ಕೇ ಒರಟು" ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಅರ್ಧ ನಿಜ. ಆದರೆ ಅವರಿಗೆ ಬೇಕಾಗಿದ್ದುದು ಉತ್ಸವಕ್ಕೆ ಬಂದ ಜನಸಾಗರವನ್ನು ಹಿಡಿಸುವ ಮಂಟಪ. ದೂರದಿಂದಲೇ ಕಾಣುವ ಗೋಪುರ. ಮುಂಗಾಲೆತ್ತಿ ನಿಂತ ಯಾಳಿಯ, ಅಂದರೆ ಸಿಂಹದಂಥ ಕಲ್ಪನೆಯ ಪ್ರಾಣಿಯ, ಕಂಬವನ್ನು ಹತ್ತಿರ ನಿಂತು ಮೂಗು ತಾಗಿಸಿ ನೋಡಬೇಕಿಲ್ಲ, ಅದರ ನಡುವೆ ನಡೆದು ಹೋಗಬೇಕು. ಇನ್ನೂ ಈಚೆಗೆ ಬನ್ನಿ. ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ರೇಕಿನ ಕೆಳಗಿನ ಉಬ್ಬು ತೆಳ್ಳಗೆ. ತಂಜಾವೂರಿನದು ದಪ್ಪ. ಮೈಸೂರಿನವರಿಗೆ ದಪ್ಪ ಮಾಡಲು ಬರುತ್ತಿರಲಿಲ್ಲವೇ? ಅವರಿಗೆ ರೇಖೆಯ ನಾಜೂಕು ಬೇಕಿತ್ತು. ನಿಮ್ಮ ಹುಡುಗನಿಗೆ ಮೊದಲ ಉತ್ತರ ಇದು: ಇಳಿಯಲಿಲ್ಲ ಮಗು, ಬೇರೆ ಕಡೆ ತಿರುಗಿತು.

ಆದರೆ ರೀಗಲ್ ಮಾತಿಗೂ ಒಂದು ಮಿತಿ ಇದೆ. 'ಒಂದು ಕಾಲದ ಸಂಕಲ್ಪ' ಅಂದುಬಿಟ್ಟರೆ ಮನುಷ್ಯರು ಮಾಯವಾಗುತ್ತಾರೆ. ಅವನ ನಂತರ ಬಂದ ಕಲಾ ಇತಿಹಾಸಕಾರ ವುಲ್ಫ್ಲಿನ್ 1915ರ ಪುಸ್ತಕದಲ್ಲಿ ಐದು ಜೋಡಿಗಳನ್ನು ಕೊಟ್ಟ. ರೇಖೆಯಲ್ಲಿ ನಿಲ್ಲುವ ಚಿತ್ರ, ಬಣ್ಣದಲ್ಲಿ ಕರಗುವ ಚಿತ್ರ, ಮುಚ್ಚಿದ ರೂಪ, ತೆರೆದ ರೂಪ, ಹೀಗೆ. ಎರಡು ಚಿತ್ರಗಳನ್ನು ಪಕ್ಕಪಕ್ಕ ತೋರಿಸಿ ಪಾಠ ಮಾಡುವ ರೂಢಿಯನ್ನು ಬಲಪಡಿಸಿದವನು ಅವನು. ನೀವೂ ಕ್ಲಾಸಿನಲ್ಲಿ ಹಾಗೇ ಮಾಡುತ್ತೀರಿ. ಅವನ ಕನಸು ಹೆಸರುಗಳೇ ಇಲ್ಲದ ಕಲಾ ಇತಿಹಾಸ.

ನಮ್ಮಲ್ಲಿ ಈ ಹೆಸರಿಲ್ಲದ ಮಾತಿಗೆ ಇನ್ನೊಂದು ಬೇರು ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1910ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಜಾರ್ಜ್ ಬರ್ಡ್‌ವುಡ್ ಅನ್ನುವವನು ಜಾವಾದ ಬುದ್ಧನ ಮೂರ್ತಿಯ ಬಗ್ಗೆ ಮಾತಾಡುತ್ತಾ, ಮನಸ್ಸಿನ ಶಾಂತಿ ತೋರಿಸಲು ಕೊಬ್ಬು ಹಾಕಿ ಬೇಯಿಸಿದ ಕಡುಬಾದರೂ ಸಾಕು ಅನ್ನುವ ಅರ್ಥದ ಮಾತು ಆಡಿದ. ಇಂಥವರ ಎದುರು ಎದೆಯೊಡ್ಡಿ ನಿಂತವನು ಆನಂದ ಕುಮಾರಸ್ವಾಮಿ. 1877ರಲ್ಲಿ ಕೊಲಂಬೊದಲ್ಲಿ ಹುಟ್ಟಿದವನು, 1917ರಿಂದ ಬೋಸ್ಟನ್ ಮ್ಯೂಸಿಯಮ್ಮಿನಲ್ಲಿ ಇದ್ದವನು. ಭಾರತದ ಶಿಲ್ಪಿ ಕಣ್ಣಿಗೆ ಕಂಡದ್ದನ್ನು ನಕಲು ಮಾಡುವುದಿಲ್ಲ, ಧ್ಯಾನದಲ್ಲಿ ಕಂಡದ್ದನ್ನು ಕಲ್ಲಿಗೆ ತರುತ್ತಾನೆ ಅಂದ. ಅವನಿಗೆ ಹೆಸರಿನ ಹಂಬಲ ಇಲ್ಲ, ಅಹಂ ಇಲ್ಲ, ಅವನು ಪರಂಪರೆಯ ಕೈ ಮಾತ್ರ ಅಂದ. ಈ ಮಾತುಗಳು ನಮಗೆ ತಲೆ ಎತ್ತಿ ನಿಲ್ಲುವ ಧೈರ್ಯ ಕೊಟ್ಟವು. ರವಿವರ್ಮನ ಎಣ್ಣೆಬಣ್ಣದ ಚಿತ್ರಗಳು ನಾಟಕದ ವೇಷದ ಹಾಗಿವೆ ಅಂತ ಆ ಕಾಲದ ಒಂದು ಗುಂಪು ದೂರ ಸರಿದದ್ದೂ ಇದೇ ವಿಚಾರದಿಂದ. ನಮ್ಮ ಕೆ. ವೆಂಕಟಪ್ಪನವರು ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತದ್ದು ಆ ಗಾಳಿಯಲ್ಲೇ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೀವು ನೋಡಿದ್ದೀರಿ. ಮೈಸೂರು ಅರಮನೆಯಲ್ಲಿ ವೆಂಕಟಪ್ಪನವರ ಉಬ್ಬುಶಿಲ್ಪಗಳಿವೆ. ಅವೆರಡರ ನಡುವೆ ಇರುವುದು ಬರೀ ಅಭಿರುಚಿಯ ವ್ಯತ್ಯಾಸ ಅಲ್ಲ, ಕಲೆಯ ಇತಿಹಾಸದ ಬಗ್ಗೆ ಎರಡು ನಂಬಿಕೆಗಳು.

ಆದರೆ ಹೆಸರಿನ ಹಂಬಲ ಇಲ್ಲ ಅನ್ನುವ ಮಾತು? ಸೋಮನಾಥಪುರದ ಗೋಡೆಯೇ ಅದನ್ನು ಅಲ್ಲಗಳೆಯುತ್ತದೆ. ಮೂರ್ತಿಗಳ ಪೀಠದ ಮೇಲೆ ರೂವಾರಿಗಳ, ಅಂದರೆ ಶಿಲ್ಪಿಗಳ, ರುಜು ಇದೆ. ಮಲ್ಲಿತಮ್ಮ ಅನ್ನುವ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ಹೋದರೆ ಅಲ್ಲಿಯೂ ಮಲ್ಲಿತಮ್ಮ ಇದ್ದಾನೆ. ಅಲ್ಲಿ ದೇವಸ್ಥಾನದ ಒಂದು ಮಗ್ಗುಲು ಅವನದು, ಇನ್ನೊಂದು ಮಗ್ಗುಲು ಬೈಚೋಜನದು. ಎರಡೂ ಬೇರೆ ಕೈ ಅಂತ ಕಣ್ಣಿಗೇ ತಿಳಿಯುತ್ತದೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಬರೆದಿದ್ದಾರೆ. ಎದುರಾಳಿ ರೂವಾರಿಗಳನ್ನು ಕೆಣಕುವ ಬಿರುದುಗಳೂ ಅಲ್ಲಿವೆ. ಇವರು ಹೆಸರು ಬೇಡ ಅಂದವರಲ್ಲ. ಕಲ್ಲಿನಲ್ಲಿ ಕೊರೆದು ಇಟ್ಟವರು. ನಮ್ಮ ಕಲಾವಿದರು ಅನಾಮಿಕರು ಅಂತ ವೇದಿಕೆ ಮೇಲೆ ಭಾಷಣ ಮಾಡುವಾಗ, ಹೆಸರು ಬರೆದವನನ್ನೂ ನಾವು ಅಳಿಸಿಹಾಕುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಬೈಗುಳದಿಂದ ಮಾತ್ರವಲ್ಲ, ಹೊಗಳಿಕೆಯ ಸಿದ್ಧಾಂತದಿಂದಲೂ ಕಣ್ಣು ಕಟ್ಟುತ್ತದೆ.

ಅರ್ಥದ ಬಗ್ಗೆ ಒಂದು ಮಾತು. ಕಲಾ ಇತಿಹಾಸಕಾರ ಪನೋಫ್ಸ್ಕಿ 1939ರಲ್ಲಿ ಚಿತ್ರವನ್ನು ಮೂರು ಪದರದಲ್ಲಿ ಓದಬೇಕು ಅಂದ. ಬೀದಿಯಲ್ಲಿ ಪರಿಚಯದವನು ಟೋಪಿ ತೆಗೆಯುವ ಉದಾಹರಣೆ ಅವನದು. ನಮ್ಮಲ್ಲಿ ಟೋಪಿ ಬೇಡ, ಪಂಚೆ ಸಾಕು. ಮಂಡ್ಯದ ಹಳ್ಳಿಯಲ್ಲಿ ಪಂಚೆ ಎತ್ತಿಕಟ್ಟಿ ನಿಂತವನು ಎದುರಿಗೆ ಹಿರಿಯರು ಬಂದ ಕೂಡಲೇ ಅದನ್ನು ಕೆಳಗೆ ಬಿಡುತ್ತಾನೆ. ಬಟ್ಟೆ ಕೆಳಗಿಳಿಯಿತು, ಇದು ಮೊದಲ ಪದರ. ಮರ್ಯಾದೆ ಕೊಟ್ಟ, ಇದು ಎರಡನೆಯದು. ಯಾರಿಗೆ ಇಳಿಸುತ್ತಾನೆ, ಯಾರಿಗೆ ಇಳಿಸುವುದಿಲ್ಲ, ವಯಸ್ಸಿಗೋ ಜಾತಿಗೋ ಜಮೀನಿಗೋ ಅಂತ ಕೇಳಿದರೆ ಇಡೀ ಊರಿನ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಅದು ಮೂರನೆಯದು. ಸೋಮನಾಥಪುರದ ವೇಣುಗೋಪಾಲನನ್ನೂ ಹೀಗೇ ಓದಿಸಿ. ಕೊಳಲೂದುವ ಹುಡುಗ, ಕೃಷ್ಣ, ಆಮೇಲೆ 1268ರಲ್ಲಿ ತನ್ನ ಹೆಸರಿನಲ್ಲೇ ಅಗ್ರಹಾರ ಮಾಡಿ ಈ ಗುಡಿ ಕಟ್ಟಿಸಿದ, ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಗ್ಗೆಯೂ ಹೇಳಬೇಕು. ಟಿಪ್ಪುವಿನ ಆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ, ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ನಾನು ವಿದ್ಯಾರ್ಥಿಯಾಗಿದ್ದಾಗ ಮೇಷ್ಟ್ರೊಬ್ಬರು, "ಇವರಿಗೆ ದೂರ ಹತ್ತಿರ ತೋರಿಸಲು ಬರುತ್ತಿರಲಿಲ್ಲ" ಅಂತ ಹೇಳಿದ್ದು ಬಹಳ ಕಾಲ ನನ್ನ ತಲೆಯಲ್ಲಿ ಉಳಿದಿತ್ತು. 1960ರಲ್ಲಿ ಬಂದ, ಕಲಾ ಇತಿಹಾಸಕಾರ ಗಾಂಬ್ರಿಚ್‌ನ ಪುಸ್ತಕ ಓದಿದ ಮೇಲೆ ಅದು ಕಳಚಿತು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆಯುವವರು ಯಾರೂ ಇಲ್ಲ, ಎಲ್ಲರೂ ಕಲಿತ ಒಂದು ಅಚ್ಚಿನಿಂದ ಶುರು ಮಾಡಿ ಅದನ್ನು ತಿದ್ದುತ್ತಾ ಹೋಗುತ್ತಾರೆ ಅನ್ನುತ್ತಾನೆ ಅವನು. ಯಾವ ಕೆಲಸಕ್ಕೆ ಚಿತ್ರ ಬೇಕು ಅನ್ನುವುದರ ಮೇಲೆ ತಿದ್ದುಪಡಿ ನಿಂತಿದೆ. ಈಗ ಆ ಗೋಡೆ ನೋಡಿ. ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷರ ಕರ್ನಲ್ ಬೇಯ್ಲಿ, ಸುತ್ತ ಕೆಂಪು ಕೋಟಿನ ಸಿಪಾಯಿಗಳು, ನುಗ್ಗುತ್ತಿರುವ ಕುದುರೆಗಳು, ಎಲ್ಲ ಒಟ್ಟಿಗೆ ಕಾಣುತ್ತವೆ. ಒಂದೇ ಕಡೆ ನಿಂತು ನೋಡುವ ಯುರೋಪಿನ ದೃಷ್ಟಿಕೋನದಲ್ಲಿ ಬರೆದಿದ್ದರೆ ಮುಂದಿನ ನಾಲ್ಕು ಕುದುರೆ ಹಿಂದಿನ ಅರ್ಧ ಯುದ್ಧವನ್ನು ಮುಚ್ಚಿಬಿಡುತ್ತಿತ್ತು. ಗೆದ್ದವನಿಗೆ ಇಡೀ ಗೆಲುವು ಕಾಣಬೇಕಿತ್ತು.

ಇನ್ನು ಕುರ್ಚಿಗೆ ಬರುತ್ತೇನೆ.

1917ರಲ್ಲಿ ಮಾರ್ಸೆಲ್ ಡ್ಯುಷಾಂಪ್ ಅಂಗಡಿಯಿಂದ ತಂದ ಮೂತ್ರದ ಬೋಗುಣಿಯನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದ. 1964ರಲ್ಲಿ ಅದೇ ಊರಿನ ಸ್ಟೇಬಲ್ ಗ್ಯಾಲರಿಯಲ್ಲಿ ಆಂಡಿ ವಾರ್ಹಾಲ್, ಪಾತ್ರೆ ಉಜ್ಜುವ ಬ್ರಿಲ್ಲೊ ಡಬ್ಬಗಳ ಹಾಗೇ ಕಾಣುವ ಪೆಟ್ಟಿಗೆಗಳನ್ನು ಪೇರಿಸಿಟ್ಟ. ಅಂಗಡಿಯದು ರಟ್ಟಿನದು, ಇವನದು ಪ್ಲೈವುಡ್ಡಿನದು, ಅಷ್ಟೇ ವ್ಯತ್ಯಾಸ. ಅಂಗಡಿಯ ಡಬ್ಬದ ವಿನ್ಯಾಸ ಮಾಡಿದ್ದ ಜೇಮ್ಸ್ ಹಾರ್ವಿ ಸ್ವತಃ ಚಿತ್ರಕಾರ. ಆದರೂ ಅವನದು ಡಬ್ಬ, ವಾರ್ಹಾಲನದು ಕಲೆ! ಅಮೆರಿಕದ ತತ್ವಜ್ಞಾನಿ ಆರ್ಥರ್ ಡಾಂಟೊ ಇದನ್ನು ನೋಡಿ ಅದೇ ವರ್ಷ ಒಂದು ಲೇಖನ ಬರೆದ. ಕಣ್ಣಿಗೆ ಒಂದೇ ಥರ ಕಾಣುವ ಎರಡರಲ್ಲಿ ಒಂದು ಕಲೆಯಾದರೆ, ಆ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಅದರ ಹಿಂದೆ ಒಂದು ಕಲಾಲೋಕ ಇರಬೇಕು. ಇದುವರೆಗಿನ ಕಲೆಯ ಇತಿಹಾಸ, ಅದರ ಬಗ್ಗೆ ನಡೆದ ವಾದಗಳು ಎಲ್ಲ ಸೇರಿ ಅದನ್ನು ಕಲೆ ಮಾಡುತ್ತವೆ. ಆಮೇಲೆ 1984ರಲ್ಲಿ ಅವನು ಹೆಗೆಲ್ ಮಾತಿಗೇ ವಾಪಸ್ ಬಂದ. ಕಲೆ ತನ್ನನ್ನೇ ಪ್ರಶ್ನೆ ಕೇಳಿಕೊಳ್ಳುವ ಹಂತ ಮುಟ್ಟಿದೆ, ಹಾಗಾಗಿ ಮುಂದಕ್ಕೆ ಹೋಗುವ ಕಥೆ ಮುಗಿಯಿತು, ಇನ್ನು ಯಾರು ಏನು ಬೇಕಾದರೂ ಮಾಡಬಹುದು ಅಂದ. ಕಲೆ ನಿಂತುಹೋಯಿತು ಅಂತ ಅವನು ಹೇಳಲಿಲ್ಲ. ಏಣಿ ಇಲ್ಲ ಅಂದ. ಒಂದು ವರ್ಷ ಮೊದಲು, 1983ರಲ್ಲಿ, ಜರ್ಮನಿಯ ಹಾನ್ಸ್ ಬೆಲ್ಟಿಂಗ್ ಕಲಾ ಇತಿಹಾಸವೇ ಮುಗಿಯಿತೇ ಅಂತ ಕೇಳಿದ್ದ.

ಇದು ಮಕ್ಕಳಿಗೆ ಅರ್ಥವಾಗಬೇಕಾದರೆ ನ್ಯೂಯಾರ್ಕ್ ಬೇಡ. ದಸರೆಯಲ್ಲಿ ನಮ್ಮ ಮನೆಗಳಲ್ಲಿ ಬೊಂಬೆ ಕೂರಿಸುತ್ತೇವಲ್ಲ, ಅದನ್ನು ನೆನಪಿಸಿ. ಮೇಲಿನ ಮೆಟ್ಟಿಲ ಮೇಲೆ ಪಟ್ಟದ ಬೊಂಬೆ. ಕೆಳಗಡೆ ಶೆಟ್ಟಿ, ಶೆಟ್ಟಮ್ಮ. ಅವರ ಮುಂದೆ ಪುಟ್ಟ ಪುಟ್ಟ ಗುಡ್ಡೆ ಮಾಡಿ 'ಅಂಗಡಿ' ಇಡುತ್ತೇವೆ. ಅಕ್ಕಿ, ರಾಗಿ, ತೊಗರಿಬೇಳೆ. ಅಮ್ಮ ಅಡುಗೆಮನೆಯ ಡಬ್ಬದಿಂದ ಒಂದು ಹಿಡಿ ಬೇಳೆ ತೆಗೆದು ತರುತ್ತಾಳೆ. ಡಬ್ಬದಲ್ಲಿದ್ದಾಗ ಅದು ಸಾರಿನ ಬೇಳೆ. ಶೆಟ್ಟಿಯ ಮುಂದೆ ಇಟ್ಟಾಗ ಅದೇ ಬೇಳೆ ಶೆಟ್ಟಿಯ ಸರಕು. ಕಾಳಿನಲ್ಲಿ ಏನೂ ಬದಲಾಗಿಲ್ಲ. ಮಗು ಅದಕ್ಕೆ ಕೈ ಹಾಕಿದರೆ, "ಅದು ಶೆಟ್ಟಿದು, ಮುಟ್ಟಬೇಡ" ಅನ್ನುತ್ತೇವೆ. ಮೆಟ್ಟಿಲು, ಹಬ್ಬ, ಅಜ್ಜಿಯ ಕಾಲದಿಂದ ನಡೆದುಬಂದ ಕಥೆ, ಇವು ಬೇಳೆಯನ್ನು ಬದಲಾಯಿಸಿದವು. ಕುರ್ಚಿಯನ್ನು ಬದಲಾಯಿಸಿದ್ದೂ ಅದೇ ಥರದ ಒಂದು ಮೆಟ್ಟಿಲು.

ಹಾಗಾದರೆ ನೀವು ನೋಡಿದ ಕುರ್ಚಿ ಕಲೆಯೇ? ಡಾಂಟೊ ಪ್ರಕಾರ ಹೌದು, ಆಗಬಹುದು. ಆದರೆ ಕಲೆ ಅನ್ನಿಸಿಕೊಳ್ಳುವುದು ಬೇರೆ, ಒಳ್ಳೆಯ ಕಲೆ ಆಗುವುದು ಬೇರೆ. ಕುರ್ಚಿ ನಿಮಗೆ ಏನನ್ನಾದರೂ ಕಾಣಿಸಿತೇ? ಚೀಟಿ ಕಿತ್ತರೆ ಅದರ ಹತ್ತಿರ ಇನ್ನೇನಾದರೂ ಉಳಿಯುತ್ತದೆಯೇ? ಹುಡುಗ ಇದನ್ನು ಕೇಳಲಿ. 1917ರಲ್ಲಿ ಆ ಬೋಗುಣಿ ಒಂದು ಬಾಗಿಲು ಒಡೆಯಿತು. ನೂರು ವರ್ಷದ ಮೇಲೆ ಅದೇ ಒಡೆದ ಬಾಗಿಲನ್ನು ಮತ್ತೆ ಒಡೆಯುವುದರಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ.

ಇಲ್ಲಿ ನಮ್ಮ ಊರಿನವರೊಬ್ಬರ ಮಾತು ಬೇಕಾಗುತ್ತದೆ. 1871ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ ಎಂ. ಹಿರಿಯಣ್ಣನವರು. ಅವರು ತೀರಿಕೊಂಡ ಮೇಲೆ, 1954ರಲ್ಲಿ, ಕಲಾನುಭವದ ಬಗ್ಗೆ ಅವರು ಬರೆದ ಲೇಖನಗಳು ಮೈಸೂರಿನಲ್ಲೇ ಪುಸ್ತಕವಾದವು. ವಸಾರಿಯಿಂದ ಡಾಂಟೊವರೆಗೆ ಎಲ್ಲರೂ ಕೇಳಿದ್ದು, ಈ ವಸ್ತು ಏನು, ಸಾಲಿನಲ್ಲಿ ಇದರ ಜಾಗ ಎಲ್ಲಿ ಅಂತ. ಹಿರಿಯಣ್ಣನವರು ನೋಡುವವನ ಒಳಗೆ ಏನಾಗುತ್ತದೆ ಅಂತ ಕೇಳಿದರು. ರಸದ, ಅಂದರೆ ಕಲೆಯಿಂದ ನೋಡುವವನಲ್ಲಿ ಹುಟ್ಟುವ ಆನಂದದ, ವಿಚಾರವನ್ನು ಎತ್ತಿಕೊಂಡು, ಒಳ್ಳೆಯ ಕಲೆಯ ಮುಂದೆ 'ನನಗೆ ಇದರಿಂದ ಏನು ಲಾಭ' ಅನ್ನುವ ಲೆಕ್ಕ ಸ್ವಲ್ಪ ಹೊತ್ತು ಕಳಚಿಬೀಳುತ್ತದೆ ಅಂದರು. ಅದು ಮೋಕ್ಷದ ಆನಂದಕ್ಕೆ ಹತ್ತಿರ, ಆದರೆ ಕ್ಷಣಿಕ. ಎದುರಿಗಿನ ಕಲೆ ಸರಿದರೆ ಅದೂ ಸರಿಯುತ್ತದೆ. 1790ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಕೂಡ ಸ್ವಂತ ಲಾಭದ ಆಸೆ ಇಲ್ಲದ ಸಂತೋಷದ ಬಗ್ಗೆ ಬರೆದಿದ್ದ. ಆದರೆ ಹಿರಿಯಣ್ಣನವರ ಮಾತಿನಲ್ಲಿ ಸಹೃದಯನಿಗೆ ದೊಡ್ಡ ಜಾಗ ಇದೆ. ನೋಡುವವನು ತಯಾರಾಗಿರಬೇಕು.

ಜಗನ್ಮೋಹನ ಅರಮನೆಯಲ್ಲಿ ಕತ್ತಲು ಮಾಡಿ ತೋರಿಸುವ ದೀಪದ ಹೆಣ್ಣಿನ ಚಿತ್ರ ನೋಡಿದಿರಿ ತಾನೇ? ಅದು ರವಿವರ್ಮನದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲ್ದಣಕರ್ ಅವರದು, ನೀರುಬಣ್ಣದ್ದು. ನೀರುಬಣ್ಣದಲ್ಲಿ ತಪ್ಪಾದರೆ ತಿದ್ದುವುದು ಕಷ್ಟ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ. ಬೆಳಕು ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಹಾಯುತ್ತದೆ. ಅಲ್ಲಿಗೆ ಬಂದ ಮಕ್ಕಳು ಒಂದು ಕ್ಷಣ ತಟ್ಟನೆ ಸುಮ್ಮನಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಯಾವ ಶೈಲಿ, ಏರಿಕೆಯದೋ ಇಳಿಕೆಯದೋ ಅಂತ ಆ ಕ್ಷಣಕ್ಕೆ ಯಾರೂ ಕೇಳುವುದಿಲ್ಲ. ಹಿರಿಯಣ್ಣನವರು ಹೇಳಿದ್ದು ಆ ಕ್ಷಣದ ಬಗ್ಗೆ.

ಮೇಲುಕೋಟೆಯಲ್ಲಂತೂ ದೇವರ ಹೆಸರೇ ಚೆಲುವ. ವೈರಮುಡಿಯ ರಾತ್ರಿ ಚೆಲುವನಾರಾಯಣ ಹೊರಗೆ ಬಂದಾಗ ಅಲ್ಲಿ ಸೇರಿದವರಿಗೆ ಚೆಲುವು ಬೇರೆ, ದೇವರು ಬೇರೆ ಅಲ್ಲ. ಮಂಡ್ಯದ ಖಜಾನೆಯಲ್ಲಿ ಪೆಟ್ಟಿಗೆಯೊಳಗಿದ್ದ ಕಿರೀಟ ಅಂದು ತಲೆಯ ಮೇಲೆ ಏರುತ್ತದೆ. ಪೂಜೆಯ ಬೆಲೆ, ಪ್ರದರ್ಶನದ ಬೆಲೆ ಅಂತ 1930ರ ದಶಕದಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಎರಡನ್ನು ಬೇರೆ ಮಾಡಿದ. ಸೋಮನಾಥಪುರದಲ್ಲಿ ಪೂಜೆ ನಿಂತಿದೆ, ಅಲ್ಲಿ ನಾವು ಟಿಕೆಟ್ ತಗೊಂಡು 'ಕಲೆ' ನೋಡುತ್ತೇವೆ. ಮೇಲುಕೋಟೆಯಲ್ಲಿ ಕೈ ಮುಗಿಯುತ್ತೇವೆ. ಎರಡೂ ಊರಿನ ನಡುವೆ ಅರ್ಧ ದಿನದ ದಾರಿಯೂ ಇಲ್ಲ.

ರಸದ ಮಾತಿನಿಂದ ಎಲ್ಲ ಬಗೆಹರಿಯುತ್ತದೆ ಅಂತ ನಾನು ಹೇಳುವುದಿಲ್ಲ. ಅದು ನಾಟಕ, ಕಾವ್ಯದ ಸುತ್ತ ಬೆಳೆದ ವಿಚಾರ. ಗುಡಿಗೆ ದುಡ್ಡು ಎಲ್ಲಿಂದ ಬಂತು, ಕಲ್ಲು ಹೊತ್ತವರು ಯಾರು, ಒಳಗೆ ಬರಲು ಯಾರಿಗೆ ಬಿಡುತ್ತಿರಲಿಲ್ಲ ಅನ್ನುವುದನ್ನು ಅದು ಕೇಳುವುದಿಲ್ಲ. ಅದಕ್ಕೆ ಪನೋಫ್ಸ್ಕಿಯ ಮೂರನೇ ಪದರ ಬೇಕು, ಇತಿಹಾಸ ಬೇಕು. ನಾನು ಪಾಠ ಮಾಡುವಾಗ ಮೊದಲು ಸುಮ್ಮನೆ ನಿಂತು ನೋಡಲು ಬಿಡುತ್ತಿದ್ದೆ. ಆಮೇಲೆ ಏನು ಬಯಸಿ ಹೀಗೆ ಮಾಡಿದರು ಅಂತ ಕೇಳುತ್ತಿದ್ದೆ. ಇದು ಶ್ರೇಷ್ಠವೋ ಅಲ್ಲವೋ ಅನ್ನುವ ಮಾತು ಬಂದರೆ, ಯಾರು ಹೇಳಿದ್ದು ಅಂತ ಹುಡುಕಲು ಕಳಿಸುತ್ತಿದ್ದೆ. ನಿಮ್ಮ ಹುಡುಗ ಈ ಕೊನೆಯದನ್ನು ಯಾರೂ ಹೇಳಿಕೊಡದೆಯೇ ಮಾಡಿದ್ದಾನೆ.

ಮುಂದಿನ ಸಲ ಸೋಮನಾಥಪುರಕ್ಕೆ ಹೋದಾಗ ಅವನಿಗೆ ಒಂದು ಕೆಲಸ ಕೊಡಿ. ಹೊರಗೋಡೆಯಲ್ಲಿ ಮಲ್ಲಿತಮ್ಮನ ಹೆಸರು ಎಷ್ಟು ಕಡೆ ಸಿಗುತ್ತದೆ ಅಂತ ಎಣಿಸಲಿ. ಮೂರ್ತಿಯ ಮುಖ ನೋಡುತ್ತಾ ನಿಂತರೆ ಸಿಗುವುದಿಲ್ಲ, ಬಗ್ಗಿ ಪೀಠ ನೋಡಬೇಕು. ಲಿಪಿ ಹಳೆಯದು, ಮೊದಲ ಹೆಸರನ್ನು ನೀವೇ ಓದಿ ತೋರಿಸಿ. ಬೇಗ ಹೊರಟು ಬೆಳಿಗ್ಗೆಯೇ ತಲುಪಿ. ಓರೆ ಬಿಸಿಲು ಬಿದ್ದಾಗ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಮಧ್ಯಾಹ್ನಕ್ಕೆ ಕಲ್ಲಿನಲ್ಲಿ ಸೇರಿಹೋಗುತ್ತವೆ.